ಟ್ರೇ ಬಿಚ್ಚುವ ಮೊದಲು: ಬಹುಘಟಕ ಕಾಲಮ್‌ನಲ್ಲಿ ಬೇರ್ಪಡಿಕೆ ಕೆಟ್ಟಾಗ ದೋಷ ಹುಡುಕುವ ಬಗೆ

ದ್ರವ ಮಿಶ್ರಣವನ್ನು ಕುದಿಸಿ ಘಟಕಗಳನ್ನು ಬೇರ್ಪಡಿಸುವ ಬಟ್ಟಿ ಇಳಿಸುವ ಕಾಲಮ್ ನಿಲ್ಲಿಸಿ, ತಣಿಸಿ, ಒಳಗಿನ ಆವಿಯನ್ನೆಲ್ಲ ಹೊರಹಾಕಿ, ಮ್ಯಾನ್‌ಹೋಲ್ ಬಿಚ್ಚಿ ಇಳಿದಾಗ ನಮಗೆ ಕಂಡದ್ದು ಹೊಳೆಯುವ ಟ್ರೇಗಳು, ಅಂದರೆ ಏರುವ ಆವಿಯೂ ಇಳಿಯುವ ದ್ರವವೂ ಬೆರೆಯುವ ತಟ್ಟೆಗಳು. ಒಂದು ವಾಲ್ವೂ ಕಳಚಿರಲಿಲ್ಲ, ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಹಲವು ದಿನಗಳ ಉತ್ಪಾದನೆ ಕಳೆದುಕೊಂಡು, ಎಲ್ಲವನ್ನೂ ಮತ್ತೆ ಮುಚ್ಚಿ, ಕಾಲಮನ್ನು ಚಾಲೂ ಮಾಡಿದ ಮೇಲೆ ದೋಷ ಹಾಗೆಯೇ ಮುಂದುವರಿಯಿತು. ಕೊನೆಗೆ ಸಿಕ್ಕ ಕಾರಣ ಟಾಪ್ ಉತ್ಪನ್ನದ, ಅಂದರೆ ಮೇಲಿನಿಂದ ಹೊರಬರುವ ಹಗುರ ಭಾಗದ, ಹರಿವಿನ ಮೀಟರ್. ಅದು ಶೇ. 2ರಷ್ಟು ಕಡಿಮೆ ತೋರಿಸುತ್ತಿತ್ತು, ಅಷ್ಟೇ.

ಆ ವಾರದ ಲ್ಯಾಬ್ ವರದಿಯನ್ನು ತೆಗೆದು ನೋಡಿದರೆ ಉತ್ತರ ಅದರಲ್ಲೇ ಇತ್ತು. ಟಾಪ್ ಕೆಟ್ಟಿತ್ತು, ನಿಜ. ಕೆಳಗಿನಿಂದ ಹೊರಬರುವ ಬಾಟಮ್ ಮಾತ್ರ ಹಿಂದೆಂದಿಗಿಂತ ಚೆನ್ನಾಗಿತ್ತು. ಚೆನ್ನಾಗಿರುವುದರ ಬಗ್ಗೆ ಯಾರೂ ದೂರುವುದಿಲ್ಲವಲ್ಲ. ಆ ಸಾಲನ್ನು ಯಾರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಟ್ರೇ ಹಾಳಾದ ಕಾಲಮ್‌ನಲ್ಲಿ ಎರಡು ತುದಿಗಳೂ ಕೆಡಬೇಕು. ಒಂದು ತುದಿ ಕೆಟ್ಟು ಇನ್ನೊಂದು ಸುಧಾರಿಸಿದ್ದರೆ ಬೇರ್ಪಡಿಸುವ ಶಕ್ತಿ ಇದ್ದಲ್ಲೇ ಇದೆ, ಕತ್ತರಿಸುವ ಜಾಗ ಮಾತ್ರ ಸರಿದಿದೆ.

ಈ ಬರಹ ಆ ವ್ಯತ್ಯಾಸವನ್ನು ಲೆಕ್ಕದಿಂದ ಹಿಡಿಯುವ ಬಗೆಯ ಕುರಿತು. ಮೂರು ಸ್ಯಾಂಪಲ್, ಒಂದು ಹಾಳೆ ಗ್ರಾಫ್, ಅರ್ಧ ಗಂಟೆ ಇದ್ದರೆ ಸಾಕು.

ಆಲ್ಫಾ ಏನು ಹೇಳುತ್ತದೆ

ಒಂದು ಘಟಕ ಆವಿಯಲ್ಲಿರುವ ಅಂಶವನ್ನು ಅದೇ ಘಟಕ ದ್ರವದಲ್ಲಿರುವ ಅಂಶದಿಂದ ಭಾಗಿಸಿದರೆ ಅದರ ಕೆ-ಮೌಲ್ಯ ಸಿಗುತ್ತದೆ. ಎರಡು ಘಟಕಗಳ ಕೆ-ಮೌಲ್ಯಗಳ ಅನುಪಾತವೇ ಸಾಪೇಕ್ಷ ಬಾಷ್ಪಶೀಲತೆ. ಸ್ಥಾವರದಲ್ಲಿ ಎಲ್ಲರೂ ಇದನ್ನು ಆಲ್ಫಾ ಎನ್ನುತ್ತಾರೆ. ಒಂದೇ ಜಾತಿಯ ಹೈಡ್ರೋಕಾರ್ಬನ್‌ಗಳಲ್ಲಿ ಇದು ಹೆಚ್ಚುಕಡಿಮೆ ಅವುಗಳ ಆವಿ ಒತ್ತಡಗಳ ಅನುಪಾತ. ಆಲ್ಫಾ 1 ಆದರೆ ಎಷ್ಟು ಟ್ರೇ ಇಟ್ಟರೂ ಬೇರ್ಪಡಿಕೆ ಇಲ್ಲ.

1932ರಲ್ಲಿ ಫೆನ್‌ಸ್ಕೆ ಕೊಟ್ಟ ಸಮೀಕರಣ ಪೂರ್ಣ ರಿಫ್ಲಕ್ಸ್‌ನಲ್ಲಿ, ಅಂದರೆ ಮೇಲೆ ಬಂದ ಆವಿಯನ್ನೆಲ್ಲ ದ್ರವವಾಗಿಸಿ ಕಾಲಮ್‌ಗೇ ಮರಳಿಸಿದಾಗ, ಬೇಕಾಗುವ ಕನಿಷ್ಠ ಹಂತಗಳನ್ನು (ಆದರ್ಶ ಟ್ರೇಗಳನ್ನು) ಹೇಳುತ್ತದೆ. ಹಗುರ ಘಟಕದ ಶೇ. 99 ಮೇಲಕ್ಕೂ ಭಾರ ಘಟಕದ ಶೇ. 99 ಕೆಳಕ್ಕೂ ಹೋಗಬೇಕೆಂದರೆ ಆಲ್ಫಾ 2 ಇದ್ದಾಗ ಸುಮಾರು 13 ಹಂತ, 1.5 ಇದ್ದಾಗ 23, 1.2 ಇದ್ದಾಗ 50, 1.1ಕ್ಕೆ ಇಳಿದಾಗ 96. ಪ್ರೊಪಿಲೀನ್‌ನಿಂದ ಪ್ರೊಪೇನ್ ಬೇರ್ಪಡಿಸುವ ಕಾಲಮ್‌ಗಳು ನೂರಕ್ಕೂ ಹೆಚ್ಚು ಟ್ರೇ ಹೊತ್ತು ಮುಗಿಲಿಗೆ ಮುಖ ಮಾಡಿ ನಿಂತಿರುವುದು ಇದರಿಂದಲೇ.

ಬಹುಘಟಕ ಮಿಶ್ರಣದಲ್ಲಿ ಎರಡು ಘಟಕಗಳಿಗೆ ವಿಶೇಷ ಸ್ಥಾನ. ಮೇಲೆ ಹೋಗಬೇಕಾದವುಗಳಲ್ಲಿ ಅತಿ ಭಾರದ್ದು ಲೈಟ್ ಕೀ, ಕೆಳಗೆ ಹೋಗಬೇಕಾದವುಗಳಲ್ಲಿ ಅತಿ ಹಗುರವಾದದ್ದು ಹೆವಿ ಕೀ. ಕತ್ತರಿ ಬೀಳುವುದು ಇವೆರಡರ ನಡುವೆ. ಉಳಿದವು ಸುಮ್ಮನೆ ಪಕ್ಕದಲ್ಲಿ ನಿಂತ ಸಾಕ್ಷಿಗಳಂತೆ ಕಾಣುತ್ತವೆ. ದೋಷ ಹುಡುಕುವಾಗ ನಿಜ ಹೇಳುವವರು ಆ ಸಾಕ್ಷಿಗಳೇ.

ಉದಾಹರಣೆಯ ಕಾಲಮ್

ಮುಂದಿನ ಲೆಕ್ಕಕ್ಕೆ ಒಂದು ಸರಳ ಫೀಡ್, ಅಂದರೆ ಕಾಲಮ್‌ಗೆ ಹೋಗುವ ಮಿಶ್ರಣ, ಇಟ್ಟುಕೊಳ್ಳೋಣ. 100 ಮೋಲ್‌ನಲ್ಲಿ ಬೆಂಜೀನ್ 30, ಟೊಲುಯೀನ್ 30, ಈಥೈಲ್ ಬೆಂಜೀನ್ 25, ಕ್ಯುಮೀನ್ 15. ಇವು ಕುದಿಯುವುದು ಕ್ರಮವಾಗಿ 80.1, 110.6, 136.2 ಮತ್ತು 152.4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟೊಲುಯೀನ್ ಲೈಟ್ ಕೀ, ಈಥೈಲ್ ಬೆಂಜೀನ್ ಹೆವಿ ಕೀ. ಕಾಲಮ್‌ನ ನಡುಭಾಗದ ಉಷ್ಣತೆ 115 ಡಿಗ್ರಿ ಎಂದುಕೊಂಡರೆ, ಈಥೈಲ್ ಬೆಂಜೀನನ್ನು 1 ಎಂದು ಹಿಡಿದಾಗ ಬೆಂಜೀನ್‌ನ ಆಲ್ಫಾ 4.8, ಟೊಲುಯೀನ್‌ನದು 2.07, ಕ್ಯುಮೀನ್‌ನದು 0.62.

ಆರೋಗ್ಯವಂತ ದಿನದಲ್ಲಿ ಟೊಲುಯೀನ್‌ನ ಶೇ. 99 ಮೇಲೆ, ಈಥೈಲ್ ಬೆಂಜೀನ್‌ನ ಶೇ. 99 ಕೆಳಗೆ. ಟಾಪ್ ಹರಿವು 60 ಮೋಲ್, ಬಾಟಮ್ 40.

ಮೊದಲು ಸ್ಯಾಂಪಲ್ ಸರಿ ಇದೆಯೇ

ಇದನ್ನು ಬೇಗ ಮುಗಿಸುತ್ತೇನೆ. ಫೀಡ್, ಟಾಪ್, ಬಾಟಮ್ ಮೂರನ್ನೂ ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಅದಕ್ಕೂ ಮೊದಲು ಕೆಲವು ಗಂಟೆ ಕಾಲಮ್ ಅಲುಗಾಡದೆ ಓಡಿರಬೇಕು. ಬಿಸಿ ಸ್ಯಾಂಪಲನ್ನು ತೆರೆದ ಬಾಟಲಿಗೆ ಹಿಡಿದರೆ ಹಗುರ ಘಟಕ ಗಾಳಿಪಾಲು. ಬೆಳಗಿನ ಫೀಡ್, ಮಧ್ಯಾಹ್ನದ ಟಾಪ್, ನಿನ್ನೆಯ ಬಾಟಮ್ ಸೇರಿಸಿ ಲೆಕ್ಕ ಹಾಕಿದ ವರದಿಗಳನ್ನು ನೋಡಿದ್ದೇನೆ. ಅವುಗಳಿಂದ ಹೊರಟ ತೀರ್ಮಾನಗಳನ್ನೂ ನೋಡಿದ್ದೇನೆ.

ಮೀಟರ್‌ಗಳ ಒಟ್ಟು ಲೆಕ್ಕ ಕೂಡುತ್ತದೆ ಎಂದು ನೆಮ್ಮದಿ ಪಡುವಂತಿಲ್ಲ. ನಮ್ಮ ಕತೆಯಲ್ಲಿ ಟಾಪ್ ಹರಿವಿನ ಶೇ. 2 ಎಂದರೆ ಫೀಡ್‌ನ ಶೇ. 1.2 ಮಾತ್ರ. ಅಷ್ಟು ಅಂತರವನ್ನು ಯಾವ ಸ್ಥಾವರದಲ್ಲೂ ‘ಮೀಟರ್ ಅಂದರೆ ಹೀಗೇ’ ಎಂದು ಬದಿಗೆ ಸರಿಸುತ್ತಾರೆ. ಲ್ಯಾಬ್ ಅಂಕಿಗಳಿಂದಲೇ ಹರಿವನ್ನು ಲೆಕ್ಕ ಹಾಕಿದರೆ ಗುಟ್ಟು ಬಯಲಾಗುತ್ತದೆ. ಬೆಂಜೀನ್ ಬಹುತೇಕ ಪೂರ್ತಿ ಮೇಲೆ ಹೋಗುವುದರಿಂದ, ಫೀಡ್‌ನಲ್ಲಿರುವ ಅದರ ಅಂಶವನ್ನು ಟಾಪ್‌ನಲ್ಲಿರುವ ಅಂಶದಿಂದ ಭಾಗಿಸಿದರೆ ಫೀಡ್‌ನ ಎಷ್ಟು ಭಾಗ ಮೇಲೆ ಹೋಯಿತೆಂದು ತಿಳಿಯುತ್ತದೆ. ಒಳ್ಳೆಯ ದಿನ ಟಾಪ್‌ನ ಬೆಂಜೀನ್ ಶೇ. 50; 30ನ್ನು 50ರಿಂದ ಭಾಗಿಸಿದರೆ 0.6, ಅಂದರೆ ಫೀಡ್‌ನ ಶೇ. 60. ಕೆಟ್ಟ ವಾರದಲ್ಲಿ ಟಾಪ್‌ನ ಬೆಂಜೀನ್ 49.0 ಇತ್ತು, ಅಂದರೆ ಶೇ. 61.2. ಮೀಟರ್ ಮಾತ್ರ 60 ಎನ್ನುತ್ತಲೇ ಇತ್ತು, ಮತ್ತು ನಾವು ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟುವವರಂತೆ ನಂಬುತ್ತಲೇ ಇದ್ದೆವು.

ಗೆರೆ ಓದುವುದು

ಪ್ರತಿ ಘಟಕಕ್ಕೂ ಮೇಲೆ ಹೋದದ್ದನ್ನು ಕೆಳಗೆ ಹೋದದ್ದರಿಂದ ಭಾಗಿಸಿ. ಇದನ್ನು ಹಂಚಿಕೆಯ ಅನುಪಾತ ಎನ್ನೋಣ. ಅದರ ಲಾಗ್ ನೆಟ್ಟಗೆ, ಆಲ್ಫಾದ ಲಾಗ್ ಅಡ್ಡಕ್ಕೆ ಇಟ್ಟು ಚುಕ್ಕಿಗಳನ್ನು ಗುರುತಿಸಿ. ಹೆಂಗ್‌ಸ್ಟೆಬೆಕ್ ಮತ್ತು ಗೆಡ್ಡೆಸ್ ಹೆಸರಿನಲ್ಲಿ ಕರೆಯುವ ಈ ವಿಧಾನದ ಮೂಲ ಸಂಗತಿ ಸರಳ: ಸರಿಯಾಗಿ ಓಡುತ್ತಿರುವ ಕಾಲಮ್‌ನಲ್ಲಿ ಎಲ್ಲ ಚುಕ್ಕಿಗಳೂ ಹೆಚ್ಚುಕಡಿಮೆ ಒಂದೇ ನೇರ ಗೆರೆಯ ಮೇಲೆ ಬೀಳುತ್ತವೆ. ಗೆರೆಯ ಇಳಿಜಾರು ಕಾಲಮ್‌ನ ಬೇರ್ಪಡಿಸುವ ಶಕ್ತಿ. ಪೂರ್ಣ ರಿಫ್ಲಕ್ಸ್‌ನಲ್ಲಿ ಅದು ಫೆನ್‌ಸ್ಕೆ ಹೇಳುವ ಹಂತಗಳ ಸಂಖ್ಯೆಯೇ ಆಗಿರುತ್ತದೆ. ದಿನನಿತ್ಯದ ರಿಫ್ಲಕ್ಸ್‌ನಲ್ಲಿ ಅದನ್ನು ಟ್ರೇಗಳ ಲೆಕ್ಕವೆಂದು ಓದಬಾರದು. ಅದೇ ಕಾಲಮ್‌ನ ಒಳ್ಳೆಯ ದಿನದ ಇಳಿಜಾರಿನ ಜೊತೆ ಹೋಲಿಸಿದರೆ ಸಾಕು.

ನಮ್ಮ ಕಾಲಮ್‌ನಲ್ಲಿ ಒಳ್ಳೆಯ ದಿನ ಟೊಲುಯೀನ್‌ನ ಅನುಪಾತ 99, ಈಥೈಲ್ ಬೆಂಜೀನ್‌ನದು 99ರಲ್ಲಿ ಒಂದು ಪಾಲು. ಇಳಿಜಾರು 12.6. ಗೆರೆಯನ್ನು ಮುಂದೆ ಎಳೆದರೆ ಕ್ಯುಮೀನ್ ಎಲ್ಲಿರಬೇಕೆಂದು ಗೊತ್ತಾಗುತ್ತದೆ: ಫೀಡ್‌ನಲ್ಲಿ ಬಂದ ಕ್ಯುಮೀನ್‌ನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 25 ಮಾತ್ರ ಮೇಲೆ ಹೋಗಬೇಕು.

ಕೆಟ್ಟ ದಿನ ಗೆರೆ ಮೂರು ಬಗೆಯಲ್ಲಿ ಬದಲಾಗಬಹುದು. ಇಳಿಜಾರು ಹಾಗೇ ಇದ್ದು ಇಡೀ ಗೆರೆ ಮೇಲೆ ಅಥವಾ ಕೆಳಗೆ ಸರಿಯಬಹುದು. ಗೆರೆ ನೇರವಾಗಿದ್ದು ಇಳಿಜಾರು ತಗ್ಗಬಹುದು. ಅಥವಾ ಮೂರು ಚುಕ್ಕಿಗಳು ಸಾಲಾಗಿ ನಿಂತು ಒಂದು ಮಾತ್ರ ಸಾಲು ತಪ್ಪಬಹುದು. ಮೂರಕ್ಕೂ ಕಾರಣಗಳು ಬೇರೆ, ಔಷಧಿಯೂ ಬೇರೆ.

ಗೆರೆ ಸರಿದಾಗ

ನಮ್ಮ ಕೆಟ್ಟ ವಾರ ಇದೇ ಬಗೆಯದು. ಈಥೈಲ್ ಬೆಂಜೀನ್‌ನ ಶೇ. 5 ಮೇಲೆ ಹೋಗುತ್ತಿತ್ತು, ಐದು ಪಟ್ಟು ಹೆಚ್ಚು. ಟಾಪ್‌ನಲ್ಲಿ ಅದರ ಅಂಶ ಶೇ. 0.4ರಿಂದ 2.0ಕ್ಕೆ ಏರಿತ್ತು, ಗಲಾಟೆಯೆಲ್ಲ ಆ ಅಂಕಿಗೆ. ಆದರೆ ಟೊಲುಯೀನ್ ಕೆಳಗೆ ಸೋರುತ್ತಿದ್ದುದು ಶೇ. 1ರಿಂದ 0.2ಕ್ಕೆ ಇಳಿದಿತ್ತು. ಅನುಪಾತಗಳನ್ನು ಭಾಗಿಸಿ ನೋಡಿ. ಒಳ್ಳೆಯ ದಿನ 99ನ್ನು 99ರಿಂದ ಗುಣಿಸಿದರೆ 9801. ಕೆಟ್ಟ ವಾರ 499ನ್ನು 19ರಿಂದ ಗುಣಿಸಿದರೆ 9481. ಇಳಿಜಾರು ಅದೇ 12.6. ಈ ಗುಣಲಬ್ಧಕ್ಕೆ ಹರಿವಿನ ಮೀಟರ್‌ಗಳ ಹಂಗೂ ಇಲ್ಲ. ಟಾಪ್ ಮತ್ತು ಬಾಟಮ್‌ನಲ್ಲಿ ಎರಡು ಕೀ ಘಟಕಗಳ ಅಂಶ ತಿಳಿದರೆ ಹರಿವುಗಳು ತಾವಾಗಿಯೇ ರದ್ದಾಗುತ್ತವೆ.

ಟಾಪ್ ಹರಿವನ್ನು ಶೇ. 2ರಷ್ಟು ತಗ್ಗಿಸಿದ್ದರೆ ಅಂದೇ ಸರಿಹೋಗುತ್ತಿತ್ತು. ನಾವು ಮಾಡಿದ್ದು ರಿಫ್ಲಕ್ಸ್ ಹೆಚ್ಚಿಸುವುದು, ತಳವನ್ನು ಕಾಯಿಸುವ ಉಗಿ ಹೆಚ್ಚಿಸುವುದು, ಆಮೇಲೆ ಟ್ರೇಗಳನ್ನು ಶಪಿಸುವುದು. ಕಲಬೆರಕೆ ತೀರ ಕಡಿಮೆ ಇರಬೇಕಾದ ಉತ್ಪನ್ನದಲ್ಲಿ ಹರಿವಿನ ಸಣ್ಣ ತಪ್ಪು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಆಮೇಲೆ ಎಂದೂ ಮರೆತಿಲ್ಲ.

ಸುಳ್ಳು ಹೇಳುವ ಥರ್ಮಾಮೀಟರ್

ಗೆರೆ ಸರಿಯುವುದಕ್ಕೆ ಎರಡನೆಯ ದೊಡ್ಡ ಕಾರಣ ಉಷ್ಣತೆಯ ನಿಯಂತ್ರಣ. ‘ಟ್ರೇ ಉಷ್ಣತೆ ಕೂದಲೆಳೆಯಷ್ಟೂ ಅಲುಗಿಲ್ಲ, ಹಾಗಿದ್ದರೂ ಟಾಪ್ ಹೇಗೆ ಕೆಟ್ಟಿತು?’ ಎಂಬ ಪ್ರಶ್ನೆಯನ್ನು ಪ್ರತಿ ಶಿಫ್ಟ್‌ನಲ್ಲೂ ಕೇಳಿದ್ದೇನೆ. ಎರಡೇ ಘಟಕಗಳಿದ್ದು ಒತ್ತಡ ಸ್ಥಿರವಾಗಿದ್ದರೆ, ಕುದಿಯುವ ದ್ರವದ ಉಷ್ಣತೆಯೇ ಅದರ ಸಂಯೋಜನೆಯನ್ನು ಹೇಳಿಬಿಡುತ್ತದೆ. ಮೂರನೆಯದು ಬಂದು ಸೇರಿದ ಕ್ಷಣ ಆ ಭರವಸೆ ಮುಗಿಯಿತು.

ವಾತಾವರಣದ ಒತ್ತಡದಲ್ಲಿ ಶೇ. 30 ಬೆಂಜೀನ್, ಶೇ. 70 ಟೊಲುಯೀನ್ ಇರುವ ದ್ರವ ಸುಮಾರು 98.4 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಂಜೀನ್ 32ಕ್ಕೆ ಏರಿ, ಟೊಲುಯೀನ್ 63ಕ್ಕೆ ಇಳಿದು, ಈಥೈಲ್ ಬೆಂಜೀನ್ 5 ಸೇರಿದ ದ್ರವವೂ ಅದೇ 98.4ರಲ್ಲಿ ಕುದಿಯುತ್ತದೆ. ಬೆಂಜೀನ್ 40, ಟೊಲುಯೀನ್ 33, ಈಥೈಲ್ ಬೆಂಜೀನ್ 27 ಆದರೂ ಅಷ್ಟೇ. ಹಗುರ ಘಟಕ ತಂಪು ತರುತ್ತದೆ, ಭಾರ ಘಟಕ ಆ ತಂಪನ್ನು ನುಂಗುತ್ತದೆ, ಥರ್ಮಾಮೀಟರ್ ಪರದೆಯ ಮೇಲೆ ನೇರ ಗೆರೆ ಎಳೆಯುತ್ತಾ ಕೂರುತ್ತದೆ. ಫೀಡ್‌ನಲ್ಲಿ ಬೆಂಜೀನ್ ಹೆಚ್ಚಾದ ದಿನ ಕಂಟ್ರೋಲರ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿ, ಉಷ್ಣತೆ ಕಾಯಲೆಂದೇ ಈಥೈಲ್ ಬೆಂಜೀನನ್ನು ಮೇಲಕ್ಕೆ ಕರೆಯುತ್ತದೆ.

ಒತ್ತಡವೂ ಇದೇ ಆಟ ಆಡುತ್ತದೆ. ಬೆಂಜೀನ್‌ನ ಕುದಿಬಿಂದು ವಾತಾವರಣದ ಒತ್ತಡದ ಆಸುಪಾಸಿನಲ್ಲಿ ಪ್ರತಿ 10 ಮಿಲಿಬಾರ್‌ಗೆ ಸುಮಾರು 0.32 ಡಿಗ್ರಿ ಬದಲಾಗುತ್ತದೆ. ಟಾಪ್ ಒತ್ತಡ 100 ಮಿಲಿಬಾರ್ ಏರಿದರೆ ಸಂಯೋಜನೆ ಎಳ್ಳಷ್ಟೂ ಬದಲಾಗದೆ ಉಷ್ಣತೆ 3 ಡಿಗ್ರಿಗಿಂತ ಹೆಚ್ಚು ಏರುತ್ತದೆ.

ಹಾಗಾಗಿ ಟ್ರೇ ಉಷ್ಣತೆಯ ಗುರಿಯನ್ನು ಒತ್ತಡಕ್ಕೆ ತಕ್ಕಂತೆ ತಿದ್ದುವ ವ್ಯವಸ್ಥೆ ಇರಲಿ; ಫೀಡ್ ಬದಲಾದಾಗ ಲ್ಯಾಬ್ ಅಂಕಿ ನೋಡಿ ಗುರಿಯನ್ನೇ ಬದಲಿಸುವ ಅಭ್ಯಾಸವೂ ಇರಲಿ. ಅಳೆಯುವ ಟ್ರೇಯ ಆಯ್ಕೆ ಇನ್ನೂ ಮುಖ್ಯ. ಕಾಲಮ್‌ನ ಎರಡು ತುದಿಗಳ ಸಮೀಪ ಕಾಣುವ ಉಷ್ಣತೆಯ ದೊಡ್ಡ ಜಿಗಿತಗಳನ್ನು ಹುಟ್ಟಿಸುವುದು ಹೆಚ್ಚಾಗಿ ಕೀ ಅಲ್ಲದ ಘಟಕಗಳು: ಕೆಳತುದಿಯಲ್ಲಿ ಕ್ಯುಮೀನ್, ಮೇಲ್ತುದಿಯಲ್ಲಿ ಬೆಂಜೀನ್. ಜಿಗಿತ ದೊಡ್ಡದೆಂದು ಅಲ್ಲಿ ಥರ್ಮಾಮೀಟರ್ ಕೂರಿಸಿದರೆ ಅದು ಕಾಯುವುದು ಬೇರೆಯವರ ಮನೆಯನ್ನು.

ಒಂದು ಚುಕ್ಕಿ ಸಾಲು ತಪ್ಪಿದಾಗ

ಟಾಪ್‌ನಲ್ಲಿ ಕ್ಯುಮೀನ್ ಎಷ್ಟಿರಬೇಕು? ಮೇಲಿನ ಗೆರೆಯ ಪ್ರಕಾರ ಹತ್ತು ಲಕ್ಷಕ್ಕೆ ಸುಮಾರು 6 ಭಾಗ. ಲ್ಯಾಬ್ ವರದಿಯಲ್ಲಿ ಶೇ. 0.1, ಅಂದರೆ ಹತ್ತು ಲಕ್ಷಕ್ಕೆ 1000 ಭಾಗ ಬಂದಿದ್ದರೆ ಆವಿ–ದ್ರವ ಸಮತೋಲನದ ಯಾವ ದಾರಿಯೂ ಅದನ್ನು ಅಲ್ಲಿಗೆ ಒಯ್ಯಲಾರದು. ಅದು ದ್ರವರೂಪದಲ್ಲೇ ಪ್ರಯಾಣ ಮಾಡಿದೆ. ಒಂದೋ ಆವಿಯ ರಭಸಕ್ಕೆ ಹನಿಗಳು ಟ್ರೇಯಿಂದ ಟ್ರೇಗೆ ಹಾರಿವೆ, ಇಲ್ಲವೇ ಎಲ್ಲೋ ಸೋರಿಕೆ ಇದೆ.

ಇವೆರಡನ್ನು ಬೇರೆ ಮಾಡಲು ಫೀಡನ್ನು ಶೇ. 10ರಷ್ಟು ತಗ್ಗಿಸಿ, ರಿಫ್ಲಕ್ಸ್ ಮತ್ತು ಉಗಿಯನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿ. ಹನಿ ಹಾರುವಿಕೆ ಆವಿಯ ವೇಗಕ್ಕೆ ಬಹಳ ಸೂಕ್ಷ್ಮ. ಕ್ಯುಮೀನ್ ಕುಸಿದು ಬೀಳುತ್ತದೆ. ಸೋರಿಕೆಗೆ ಹೊರೆಯ, ಅಂದರೆ ಕಾಲಮ್‌ನಲ್ಲಿ ಹರಿಯುವ ಪ್ರಮಾಣದ, ಚಿಂತೆ ಇಲ್ಲ, ಅದು ಎರಡು ಬದಿಯ ಒತ್ತಡದ ಅಂತರವನ್ನಷ್ಟೇ ಕೇಳುತ್ತದೆ.

ಸೋರಿಕೆಗೆ ಇನ್ನೊಂದು ಬೆರಳಚ್ಚು ಇದೆ, ನನಗೆ ಬಹಳ ಇಷ್ಟವಾದದ್ದು. ಟಾಪ್ ಆವಿಯ ಬಿಸಿಯಿಂದ ಫೀಡನ್ನು ಕಾಯಿಸುವ ಎಕ್ಸ್‌ಚೇಂಜರ್ ಇದ್ದು, ಅದರ ಒಂದು ಟ್ಯೂಬ್ ತೂತಾಗಿ, ಹೆಚ್ಚಿನ ಒತ್ತಡದ ಫೀಡ್ ಟಾಪ್‌ಗೆ ಸೇರುತ್ತಿದೆ ಎಂದುಕೊಳ್ಳಿ. ಆಗ ಟಾಪ್‌ನಲ್ಲಿ ಹೆಚ್ಚಾಗಿ ಸೇರಿದ ಈಥೈಲ್ ಬೆಂಜೀನ್ ಮತ್ತು ಕ್ಯುಮೀನ್ ಫೀಡ್‌ನಲ್ಲಿರುವ ಅದೇ 25ಕ್ಕೆ 15ರ ಪ್ರಮಾಣದಲ್ಲಿ ಇರುತ್ತವೆ. ಒಳ್ಳೆಯ ದಿನದ ಅಂಕಿಗಳನ್ನು ಕಳೆದು ಉಳಿದದ್ದರ ಅನುಪಾತ ನೋಡಿ, 0.6ರ ಹತ್ತಿರ ಬಂದರೆ ಟ್ರೇಗಳ ಮಾತು ಬಿಟ್ಟು ಎಕ್ಸ್‌ಚೇಂಜರ್ ಕಡೆ ನಡೆಯಿರಿ. ಟ್ರೇಗಳನ್ನು ದಾಟಿ ಹಾರಿ ಬಂದ ಹನಿಗಳಲ್ಲಿ ಕ್ಯುಮೀನ್ ಪಾಲು ಇಷ್ಟು ಇರುವುದಿಲ್ಲ, ಏಕೆಂದರೆ ಪ್ರತಿ ಟ್ರೇಯೂ ಅದನ್ನು ಸ್ವಲ್ಪ ಸ್ವಲ್ಪ ಕೆಳಗೆ ತಳ್ಳಿರುತ್ತದೆ.

ನಡುವೆ ಸಿಕ್ಕಿಕೊಂಡ ಘಟಕ

ಗೆರೆಯೇ ಹಾಕಲಾಗದ ಒಂದು ದೋಷವೂ ಇದೆ, ಏಕೆಂದರೆ ಕಾಲಮ್ ಸ್ಥಿರವಾಗಿ ನಿಲ್ಲುವುದೇ ಇಲ್ಲ. ಕೆಲವು ಗಂಟೆ ಅಥವಾ ಕೆಲವು ದಿನ ಚೆನ್ನಾಗಿ ಓಡಿ, ಕೆಳಗಿನಿಂದ ಮೇಲಿನವರೆಗಿನ ಒತ್ತಡದ ಇಳಿಕೆ ಮೆಲ್ಲಗೆ ಏರಿ, ಒಮ್ಮೆಲೇ ಮೇಲಕ್ಕೋ ಕೆಳಕ್ಕೋ ಕಕ್ಕಿ, ಮತ್ತೆ ಏನೂ ಆಗಿಲ್ಲವೆಂಬಂತೆ ಶಾಂತವಾಗುತ್ತದೆ. ಚಕ್ರ ಮರುಕಳಿಸುತ್ತದೆ.

ಇಲ್ಲಿ ಕೀ ಘಟಕಗಳ ನಡುವಿನ ಬಾಷ್ಪಶೀಲತೆಯ ಒಂದು ಘಟಕ ಒಳಗೆ ಶೇಖರವಾಗುತ್ತಿರುತ್ತದೆ. ಅದಕ್ಕೆ ಟಾಪ್ ಅತಿ ತಂಪು, ಬಾಟಮ್ ಅತಿ ಬಿಸಿ. ಎರಡೂ ಬಾಗಿಲು ಮುಚ್ಚಿವೆ. ಎಥನಾಲ್–ನೀರು ಕಾಲಮ್‌ನಲ್ಲಿ ಅಮೈಲ್ ಆಲ್ಕೋಹಾಲ್‌ನಂತಹ ಫ್ಯೂಸೆಲ್ ಘಟಕಗಳು (ಹುದುಗುವಾಗ ಹುಟ್ಟುವ ಭಾರ ಆಲ್ಕೋಹಾಲ್‌ಗಳು) ಇದಕ್ಕೆ ಹಳೆಯ ಉದಾಹರಣೆ. ನೀರೇ ಹೆಚ್ಚಿರುವ ಕೆಳಭಾಗದಲ್ಲಿ ಅವು ಎಥನಾಲ್‌ಗಿಂತಲೂ ಸುಲಭವಾಗಿ ಆವಿಯಾಗುತ್ತವೆ. ಎಥನಾಲ್ ಹೆಚ್ಚಿರುವ ಮೇಲ್ಭಾಗದಲ್ಲಿ ಅವೇ ಜಡವಾಗಿ ಕೆಳಗೆ ಜಾರುತ್ತವೆ. ಆಲ್ಫಾ ಕಾಲಮ್‌ನ ಉದ್ದಕ್ಕೂ ಒಂದೇ ಎಂದುಕೊಂಡವರಿಗೆ ಇದು ಎಂದೂ ಅರ್ಥವಾಗದು. ಹೈಡ್ರೋಕಾರ್ಬನ್ ಕಾಲಮ್‌ಗಳಲ್ಲಿ ಸ್ವಲ್ಪವೇ ನೀರು ಬಂದರೂ ಇದೇ ಕಾಟ.

ಚಕ್ರದ ಮಧ್ಯೆ, ಉಬ್ಬರ ಬರುವ ಮೊದಲು, ನಡುವಿನ ಟ್ರೇಯಿಂದ ಒಂದು ಸ್ಯಾಂಪಲ್ ತೆಗೆಯಿರಿ. ಟಾಪ್‌ನಲ್ಲೂ ಬಾಟಮ್‌ನಲ್ಲೂ ಹುಡುಕಿದರೂ ಸಿಗದ ವಸ್ತು ಅಲ್ಲಿ ಧಾರಾಳವಾಗಿ ಸಿಕ್ಕಿದರೆ ರೋಗ ಗೊತ್ತಾಯಿತು. ಆ ಟ್ರೇಯಿಂದ ಒಂದು ಸಣ್ಣ ಪಕ್ಕದ ಹರಿವು ತೆಗೆಯುವುದು ಶಾಶ್ವತ ಪರಿಹಾರ. ಅಲ್ಲಿಯವರೆಗೆ ಟಾಪ್ ಉಷ್ಣತೆಯನ್ನು ಸ್ವಲ್ಪ ಏರಿಸಿ ಅಥವಾ ಬಾಟಮ್‌ನದನ್ನು ಸ್ವಲ್ಪ ಇಳಿಸಿ ಒಂದು ಬಾಗಿಲನ್ನಾದರೂ ಅರೆತೆರೆದಿಡಬಹುದು. ಶುದ್ಧತೆಯಲ್ಲಿ ಅದರ ಬೆಲೆ ತೆರಬೇಕು.

ಇಳಿಜಾರು ತಗ್ಗಿದಾಗ

ಈಗ ಬರುವುದು ನಿಜವಾಗಿ ಶಕ್ತಿ ಕಳೆದುಕೊಂಡ ಕಾಲಮ್. ಟೊಲುಯೀನ್ ಶೇ. 95 ಮಾತ್ರ ಮೇಲೆ, ಈಥೈಲ್ ಬೆಂಜೀನ್ ಶೇ. 95 ಮಾತ್ರ ಕೆಳಗೆ. 19ನ್ನು 19ರಿಂದ ಗುಣಿಸಿದರೆ 361, ಇಳಿಜಾರು 12.6ರಿಂದ 8.1ಕ್ಕೆ ಕುಸಿದಿದೆ. ಎರಡೂ ತುದಿ ಕೆಟ್ಟಿವೆ.

ಮೊದಲ ಅನುಮಾನ ಆಲ್ಫಾ ಮೇಲೆ ಬೀಳುತ್ತದೆ: ಒತ್ತಡ ಏರಿತೇ? ಒತ್ತಡ ಏರಿದರೆ ಉಷ್ಣತೆ ಏರುತ್ತದೆ, ಉಷ್ಣತೆ ಏರಿದಂತೆ ಆವಿ ಒತ್ತಡಗಳು ಹತ್ತಿರವಾಗುತ್ತವೆ. ಬೆಂಜೀನ್–ಟೊಲುಯೀನ್ ಜೋಡಿಯ ಆಲ್ಫಾ 80 ಡಿಗ್ರಿಯಲ್ಲಿ 2.6, 110ರಲ್ಲಿ 2.35. ನಮ್ಮ ಕೀ ಜೋಡಿಯದು 115ರಲ್ಲಿ 2.07 ಇದ್ದದ್ದು 136ರಲ್ಲಿ 1.96. ಈ ಸಣ್ಣ ಇಳಿಕೆಯೇ 12.6ರ ಇಳಿಜಾರಿನುದ್ದಕ್ಕೂ ಗುಣಿಸುತ್ತಾ ಹೋಗಿ ಬೇರ್ಪಡಿಕೆಯನ್ನು ಅರ್ಧಕ್ಕೆ ಇಳಿಸುತ್ತದೆ. ಆದರೆ ಅದಕ್ಕೆ ಒತ್ತಡ ಸುಮಾರು 1.8 ಪಟ್ಟಾಗಬೇಕು. ಟಾಪ್ ಆವಿಯನ್ನು ದ್ರವವಾಗಿಸುವ ಕಂಡೆನ್ಸರ್‌ನಲ್ಲಿ ಕೊಳೆ ಕಟ್ಟಿ ಒತ್ತಡ ಶೇ. 10 ಏರಿದ್ದಕ್ಕೆ 9801 ಎಂಬುದು 361 ಆಗುವುದಿಲ್ಲ. ಆಲ್ಫಾ ಮೇಲೆ ತಪ್ಪು ಹೊರಿಸುವ ಮೊದಲು ಈ ಲೆಕ್ಕ ಮಾಡಿ. ಬಹುಪಾಲು ಸಲ ಅದು ನಿರಪರಾಧಿ.

ಅನಂತರ ರಿಫ್ಲಕ್ಸ್ ಪರೀಕ್ಷೆ. ಟಾಪ್ ಹರಿವನ್ನು ಕಡ್ಡಾಯವಾಗಿ ಸ್ಥಿರವಾಗಿಟ್ಟು ರಿಫ್ಲಕ್ಸ್ ಮತ್ತು ತಳದ ದ್ರವ ಕುದಿಸುವ ರೀಬಾಯ್ಲರ್‌ನ ಉಗಿಯನ್ನು ಒಟ್ಟಿಗೆ ಶೇ. 5ರಷ್ಟು ಏರಿಸಿ, ಕಾಲಮ್ ಸ್ಥಿರವಾಗುವವರೆಗೆ ಕಾಯಿರಿ. ಟಾಪ್ ಹರಿವು ಬದಲಾಗಲು ಬಿಟ್ಟರೆ ಗೆರೆ ಸರಿಯುವುದೂ ಇಳಿಜಾರು ಬದಲಾಗುವುದೂ ಕಲಸಿಹೋಗಿ ಪರೀಕ್ಷೆ ವ್ಯರ್ಥ. ಇಳಿಜಾರು ಏರಿದರೆ ಕಾಲಮ್‌ಗೆ ರಿಫ್ಲಕ್ಸ್ ಕಡಿಮೆಯಾಗಿತ್ತು. ರಿಫ್ಲಕ್ಸ್ ಮೀಟರ್, ಪಂಪ್, ಉಗಿಯ ಕಡೆ ನೋಡಿ. ಇಳಿಜಾರು ಇನ್ನೂ ತಗ್ಗಿ, ಒತ್ತಡದ ಇಳಿಕೆ ಜಿಗಿದರೆ ಫ್ಲಡಿಂಗ್, ಅಂದರೆ ದ್ರವ ಕೆಳಗಿಳಿಯಲಾಗದೆ ಟ್ರೇಗಳ ಮೇಲೆ ತುಂಬಿಕೊಳ್ಳುತ್ತಿದೆ. ಆಗ ಹೊರೆ ತಗ್ಗಿಸಿದರೆ ಬೇರ್ಪಡಿಕೆ ಸುಧಾರಿಸುತ್ತದೆ. ರಿಫ್ಲಕ್ಸ್ ಹೆಚ್ಚಿಸಿದಷ್ಟೂ ಒಳ್ಳೆಯದೆಂದು ಕಲಿತವರಿಗೆ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ರಿಫ್ಲಕ್ಸ್ ಎಷ್ಟೇ ಏರಿಸಿದರೂ ಟಾಪ್ ಒಂದೇ ಅಂಕಿಗೆ ಅಂಟಿಕೊಂಡು, ಬಾಟಮ್ ಮಾತ್ರ ಸ್ಪಂದಿಸುತ್ತಿದ್ದರೆ ಎಜಿಯೋಟ್ರೋಪ್, ಅಂದರೆ ಆವಿಗೂ ದ್ರವಕ್ಕೂ ಒಂದೇ ಸಂಯೋಜನೆ ಇರುವ ಮಿಶ್ರಣ, ಇದೆಯೇ ನೋಡಿ. ಎಥನಾಲ್ ವಾತಾವರಣದ ಒತ್ತಡದಲ್ಲಿ ತೂಕದ ಶೇ. 95.6ಕ್ಕೆ ನಿಲ್ಲುವುದು ಹೀಗೆಯೇ. ಅಲ್ಲಿ ಆಲ್ಫಾ 1, ಉಗಿ ಸುಡುವುದೆಲ್ಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ.

ರಿಫ್ಲಕ್ಸ್ ಏರಿಸಿದರೂ ತಗ್ಗಿಸಿದರೂ ಇಳಿಜಾರು ಅಷ್ಟಾಗಿ ಅಲುಗದೆ, ಒತ್ತಡದ ಇಳಿಕೆ ಮಾತ್ರ ಇರಬೇಕಾದ್ದಕ್ಕಿಂತ ಕಡಿಮೆ ಇದ್ದರೆ ಆಗ ಟ್ರೇಗಳನ್ನು ಅನುಮಾನಿಸುವ ಸಮಯ ಬಂದಿದೆ. ಸಾಮಾನ್ಯವಾಗಿ ಒಂದು ಟ್ರೇಗೆ 5ರಿಂದ 10 ಮಿಲಿಬಾರ್ ಒತ್ತಡ ಇಳಿಯುತ್ತದೆ. ಆವಿಯ ಹರಿವು ಮೊದಲಿನಷ್ಟೇ ಇದ್ದು ಒಂದು ವಿಭಾಗದ ಇಳಿಕೆ ಹಿಂದಿನದಕ್ಕಿಂತ 25 ಮಿಲಿಬಾರ್ ತಗ್ಗಿದ್ದರೆ ಅಲ್ಲಿ ಮೂರೋ ನಾಲ್ಕೋ ಟ್ರೇಗಳ ಮೇಲೆ ದ್ರವ ನಿಲ್ಲುತ್ತಿಲ್ಲ ಎಂದರ್ಥ. ಹೊರೆ ತೀರ ಕಡಿಮೆಯಾಗಿ ದ್ರವ ತೂತುಗಳಿಂದಲೇ ಸುರಿಯುತ್ತಿರಬಹುದು. ಆವಿ ಏರಿಸಿದಾಗ ಚೇತರಿಸಿಕೊಂಡರೆ ಅದೇ. ಚೇತರಿಸಿಕೊಳ್ಳದಿದ್ದರೆ ಟ್ರೇ ಜಾಗದಲ್ಲಿ ಇಲ್ಲ.

ಆಗಲೂ ಬಿಚ್ಚುವ ಮೊದಲು ಗಾಮಾ ಸ್ಕ್ಯಾನ್ ಮಾಡಿಸಿ. ಕಾಲಮ್ ಓಡುತ್ತಿರುವಾಗಲೇ ಒಂದು ಬದಿಯಲ್ಲಿ ವಿಕಿರಣದ ಮೂಲ, ಎದುರು ಬದಿಯಲ್ಲಿ ಡಿಟೆಕ್ಟರ್ ಇಟ್ಟು ಮೇಲಿನಿಂದ ಕೆಳಗೆ ಇಳಿಸುತ್ತಾರೆ. ದ್ರವ ನಿಂತ ಟ್ರೇ ಕಿರಣವನ್ನು ತಡೆಯುತ್ತದೆ, ಬರಿದಾದ ಜಾಗ ಬಿಟ್ಟುಕೊಡುತ್ತದೆ. ನಾವು ಎರಡನೆಯ ಬಾರಿ ಒಂದು ಕಾಲಮ್ ಬಿಚ್ಚಿದಾಗ ಕೈಯಲ್ಲಿ ತಗ್ಗಿದ ಇಳಿಜಾರಿನ ಗ್ರಾಫ್ ಇತ್ತು, ಫೀಡ್‌ನ ಕೆಳಗಿನ ನಾಲ್ಕು ಟ್ರೇಗಳ ಜಾಗದಲ್ಲಿ ಏನೂ ಇಲ್ಲವೆಂದು ತೋರಿಸಿದ ಸ್ಕ್ಯಾನ್ ಇತ್ತು. ಹೊಸ ಟ್ರೇಗಳನ್ನು ತರಿಸಿ ಕಾಲಮ್ ಪಕ್ಕದಲ್ಲಿ ಜೋಡಿಸಿಟ್ಟು, ಆಮೇಲೆ ಉಗಿಯ ವಾಲ್ವ್ ಮುಚ್ಚಿದೆವು.